ಸ್ಲೋನಲ್ಲಿ ಗಾಡಿ ನಡುಗಿದರೆ ಮೊದಲು ಫೌಂಡೇಶನ್ ರಬ್ಬರ್ ನೋಡಿ

ಕೋಲಾರದ ಎಪಿಎಂಸಿಗೆ ಟೊಮೆಟೊ ಕ್ರೇಟು ಹೊತ್ತು ಬರುವವುಗಳಲ್ಲಿ ಟಾಟಾ ಏಸ್‌ನಂಥ ಸಣ್ಣ ಗಾಡಿಗಳೂ ಇವೆ. ಸಾಲಿನಲ್ಲಿ ನಿಂತಾಗ ಹಳೆಯ ಗಾಡಿ ಹೇಗೆ ಅದುರುತ್ತದೆ ಎನ್ನುವುದು ಅದನ್ನು ಓಡಿಸುವವರಿಗೆಲ್ಲ ಗೊತ್ತು. ಸೈಡ್ ಕನ್ನಡಿಯಲ್ಲಿ ಹಿಂದಿನದೇನೂ ಸ್ಪಷ್ಟವಾಗಿ ಕಾಣುವುದಿಲ್ಲ, ಗೇರ್ ಲಿವರ್ ಕುಣಿಯುತ್ತದೆ, ಸೀಟಿನಡಿಯಿಂದ ಗಡಗಡ ಸದ್ದು. ಒಂದಿಷ್ಟು ರೇಸ್ ಕೊಟ್ಟರೆ ಎಲ್ಲ ಅಡಗುತ್ತದೆ. ಹಾಗಾಗಿ ಬಹಳ ಮಂದಿ ಸ್ಲೋ ಸ್ಪೀಡ್ ಸ್ಕ್ರೂ ತಿರುಗಿಸಿ ಐಡಲ್ ಏರಿಸಿಬಿಡುತ್ತಾರೆ. ನಡುಕವೇನೋ ಮರೆಯಾಗುತ್ತದೆ. ಆದರೆ ನಿಂತಲ್ಲೇ ಡೀಸೆಲ್ ಹೆಚ್ಚು ಸುಡುತ್ತದೆ, ಸೋತ ಭಾಗ ಸೋಲುತ್ತಲೇ ಹೋಗುತ್ತದೆ. ಇನ್ನು ಕೆಲವರು ನೇರವಾಗಿ ನಾಜಲ್ ಬಿಚ್ಚಿಸಿ ದುಡ್ಡು ಸುರಿಯುತ್ತಾರೆ. ಈ ಎರಡಕ್ಕೂ ಮೊದಲು ಎಂಜಿನ್ ಕೂತಿರುವ ರಬ್ಬರುಗಳನ್ನು ನೋಡಬೇಕು.

ಗ್ಯಾರೇಜಿನವರು ಫೌಂಡೇಶನ್ ರಬ್ಬರ್, ಎಂಜಿನ್ ಮೌಂಟಿಂಗ್ ಎನ್ನುವುದು ಇವನ್ನೇ. ಎರಡು ಲೋಹದ ತಟ್ಟೆಗಳ ನಡುವೆ ಬೆಸೆದ ದಪ್ಪ ರಬ್ಬರ್ ಇದು. ಒಂದು ಬದಿ ಎಂಜಿನ್ನಿನ ಬ್ರಾಕೆಟ್ಟಿಗೆ, ಇನ್ನೊಂದು ಬದಿ ಚಾಸಿಗೆ ಬೋಲ್ಟ್ ಆಗಿರುತ್ತದೆ. ಎಂಜಿನ್ನಿನ ಭಾರ ಹೊರಬೇಕು, ಅದರ ಅದುರು ಚಾಸಿಗೆ ಇಳಿಯದಂತೆಯೂ ತಡೆಯಬೇಕು. 2005ರಲ್ಲಿ ಬಂದ ಮೊದಲ ಏಸ್‌ನದು 702 ಸಿಸಿಯ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಸ್ಲೋನಲ್ಲಿ ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ನಾಲ್ಕು ಸಿಲಿಂಡರಿನಲ್ಲಿ ಸೆಕೆಂಡಿಗೆ 30 ಹೊಡೆತ, ಎರಡು ಸಿಲಿಂಡರಿನಲ್ಲಿ 15 ಮಾತ್ರ. ಹೊಡೆತ ವಿರಳವಾದಷ್ಟೂ ಒಂದೊಂದರ ಕುಲುಕಾಟ ಹೆಚ್ಚು. ಸಣ್ಣ ಗಾಡಿಯಲ್ಲಿ ರಬ್ಬರಿನ ಮೇಲೆ ಬೀಳುವ ಕೆಲಸ ಅದಕ್ಕೇ ಜಾಸ್ತಿ.

ನಿಮ್ಮ ಟ್ರ್ಯಾಕ್ಟರಿನಲ್ಲಿ ಈ ರಬ್ಬರ್ ಹುಡುಕಬೇಡಿ. ನಮ್ಮಲ್ಲಿ ಓಡುವ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಗಾಡಿಯ ಬೆನ್ನೆಲುಬಾಗಿರುತ್ತವೆ. ಅಲ್ಲಿ ನಡುಕ ಬಂದರೆ ಮುಂದಿನ ಆಕ್ಸಲ್ ಸಪೋರ್ಟಿನ ಬೋಲ್ಟು, ಡೀಸೆಲ್ ಫಿಲ್ಟರ್, ನಾಜಲ್ ನೋಡಿಸಿ. ಡೀಸೆಲ್ ಪಂಪ್‌ಸೆಟ್ಟಾದರೆ ಸಿಮೆಂಟ್ ಕಟ್ಟೆಯ ಬೋಲ್ಟುಗಳನ್ನು ಬಿಗಿದು ನೋಡಿ.

ಗಾಡಿಗೆ ಬರೋಣ. ಎಂಜಿನ್ನೇ ತಪ್ಪಿ ಉರಿಯುತ್ತಿದೆಯೋ, ಸರಿಯಾಗಿ ಓಡುವ ಎಂಜಿನ್ನಿನ ಅದುರು ರಬ್ಬರ್ ದಾಟಿ ಬರುತ್ತಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಬಿಸಿಯಾದ ಎಂಜಿನ್ನನ್ನು ಸ್ಲೋನಲ್ಲಿ ಬಿಟ್ಟು ಸೈಲೆನ್ಸರಿನ ಹತ್ತಿರ ನಿಂತು ಕೇಳಿ. ಸದ್ದು ಒಂದೇ ಲಯದಲ್ಲಿದ್ದು ಕ್ಯಾಬಿನ್ ಮಾತ್ರ ನಡುಗುತ್ತಿದ್ದರೆ ಅನುಮಾನ ರಬ್ಬರಿನ ಮೇಲೆ. ನಡುನಡುವೆ ಸದ್ದು ತಪ್ಪುತ್ತಿದ್ದರೆ, ಬಿಳಿ ಅಥವಾ ಕಪ್ಪು ಹೊಗೆ ಬರುತ್ತಿದ್ದರೆ, ದಿಣ್ಣೆ ಏರುವಾಗ ಎಳೆತ ಕಮ್ಮಿಯಾಗಿದ್ದರೆ ಅದು ಮಿಸ್ಸಿಂಗ್. ಫಿಲ್ಟರ್, ಲೈನಿನಲ್ಲಿ ಸೇರಿದ ಗಾಳಿ, ನಾಜಲ್, ಟ್ಯಾಪೆಟ್ ಕಡೆಗೆ ಹೋಗಬೇಕು. ಹಳೆಯ ಎಂಜಿನ್ನುಗಳಲ್ಲಿ ಮೆಕ್ಯಾನಿಕ್ಕುಗಳು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ಹುಡುಕುತ್ತಾರೆ. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗೆ ಮಾಡಲೇಬಾರದು. ಅಲ್ಲಿಯ ಡೀಸೆಲ್ ಒತ್ತಡ ಚರ್ಮ ಸೀಳಿ ಒಳಗೆ ನುಗ್ಗುವಷ್ಟಿರುತ್ತದೆ.

ರಬ್ಬರ್ ಸೋತಿರುವುದಕ್ಕೆ ಇನ್ನೂ ಗುರುತುಗಳಿವೆ. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಾಗ ಕೊನೆಯಲ್ಲಿ ಒಂದು ಜೋರು ಕುಲುಕು. ಕ್ಲಚ್ ಬಿಟ್ಟು ಹೊರಡುವಾಗ ಕೆಳಗೆ ‘ಟಕ್’ ಎಂಬ ಸದ್ದು. ಸೈಲೆನ್ಸರ್ ಪೈಪು ಬೆಸುಗೆ ಹಾಕಿಸಿದ ಜಾಗದಲ್ಲೇ ಮತ್ತೆ ಮತ್ತೆ ಬಿರುಕು ಬಿಡುವುದೂ ಇದರಿಂದಲೇ ಇರಬಹುದು, ಬರೀ ಬೆಸುಗೆಯವರನ್ನು ದೂರಬೇಡಿ.

ಈಗ ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಏಸ್‌ನಲ್ಲಿ ಸೀಟು ಎತ್ತಿದರೆ ಎಂಜಿನ್ ಕಾಣುತ್ತದೆ. ಟಾರ್ಚ್ ಹಿಡಿದು ಪ್ರತಿ ರಬ್ಬರಿನ ಅಂಚನ್ನೂ ನೋಡಿ. ಮೇಲ್ಮೈಯ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ರಬ್ಬರು ಲೋಹದ ತಟ್ಟೆಯಿಂದ ಬಿಟ್ಟುಕೊಂಡ ಕಡೆ ತುಕ್ಕಿನ ಗೆರೆಯೊಂದು ಕಾಣಬಹುದು, ಅದು ಸೋತ ಗುರುತು. ಒಂದು ಬದಿ ಇನ್ನೊಂದಕ್ಕಿಂತ ತಗ್ಗಿ ಕೂತಿರಬಹುದು. ಆಯಿಲ್ ಕುಡಿದ ರಬ್ಬರು ಉಬ್ಬಿ ಮೆತ್ತಗಾಗಿ, ಉಗುರು ಒತ್ತಿದರೆ ಹಳೆಯ ಬೆಲ್ಲದ ಹಾಗೆ ಅಂಟುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೆ ಆಯಿಲ್ ಚೇಂಬರಿನಡಿ ಅಗಲವಾದ ಮರದ ಹಲಗೆ ಕೊಟ್ಟು, ಜಾಕಿನಿಂದ ಎಂಜಿನ್ನನ್ನು ಸ್ವಲ್ಪವೇ ಎತ್ತಿ. ತಟ್ಟೆಗೂ ರಬ್ಬರಿಗೂ ನಡುವೆ ಸಂದು ಬಿಟ್ಟರೆ ಅದು ಮುಗಿದಂತೆ. ಬರಿ ಜಾಕನ್ನೇ ಚೇಂಬರಿಗೆ ಕೊಟ್ಟರೆ ತಗಡು ಒಳಕ್ಕೆ ಬಗ್ಗುತ್ತದೆ.

ಬದಲಿಸುವಾಗ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ನಿಗೆ ಹಲಗೆಯ ಸಮೇತ ಜಾಕ್ ಆಸರೆ ಇರಲಿ, ಆದರೆ ಜಾಕನ್ನೇ ನಂಬಿ ಎಂಜಿನ್ನಿನಡಿ ಯಾರೂ ಮಲಗಬಾರದು. ಒಂದು ಸಲಕ್ಕೆ ಒಂದೇ ರಬ್ಬರ್ ಬಿಚ್ಚಿ. ಎತ್ತುವಾಗ ರೇಡಿಯೇಟರ್ ಹೋಸ್, ತಂತಿ, ಸೈಲೆನ್ಸರ್ ಪೈಪು ಎಲ್ಲೂ ಬಿಗಿದು ಎಳೆಯದಂತೆ ನೋಡಿಕೊಳ್ಳಿ. ಹೊಸದರ ಬೋಲ್ಟುಗಳನ್ನು ಕೈಯಲ್ಲೇ ಕೂರಿಸಿ, ಜಾಕ್ ಇಳಿಸಿ, ಎಂಜಿನ್ನಿನ ಭಾರ ರಬ್ಬರಿನ ಮೇಲೆ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕು. ಇದನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಎತ್ತಿ ಹಿಡಿದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಹೊಸದು ಹಾಕಿದರೂ ನಡುಕ ಹೋಗುವುದಿಲ್ಲ. ಎಡಬಲದ ರಬ್ಬರುಗಳನ್ನು ಜೊತೆಯಾಗಿ ಬದಲಿಸಿ; ಒಂದೇ ಹೊಸದಾದರೆ ಸೋತದ್ದರ ಪಾಲಿನ ಕುಲುಕಾಟವನ್ನೂ ಅದೇ ತಿನ್ನುತ್ತದೆ. ಗೇರ್ ಬಾಕ್ಸ್ ರಬ್ಬರನ್ನೂ ಅದೇ ದಿನ ನೋಡಿಬಿಡಿ.

ಹಳೆಯ ಟೈರ್ ತುಂಡು ಕತ್ತರಿಸಿ ತುರುಕುವ ಉಪಾಯ ಬೇಡ. ಟೈರಿನೊಳಗೆ ನೂಲು, ತಂತಿ ಇರುತ್ತದೆ. ಅದು ಬೇಕಾದಷ್ಟು ಬಳುಕುವುದಿಲ್ಲ, ಲೋಹಕ್ಕೆ ಬೆಸೆದೂ ಇರುವುದಿಲ್ಲ, ಬೋಲ್ಟ್ ಸಡಿಲವಾಗುತ್ತಲೇ ಇರುತ್ತದೆ. ಕೊನೆಗೆ ಬ್ರಾಕೆಟ್ ಬಿರಿಯುತ್ತದೆ.

ಆಯಿಲ್ ಅಥವಾ ಡೀಸೆಲ್ ಸೋರುತ್ತಿದ್ದರೆ ಹೊಸ ರಬ್ಬರಿಗಿಂತ ಮೊದಲು ಸೋರಿಕೆ ನಿಲ್ಲಿಸಿ. ಎಂಜಿನ್ ತೊಳೆಯುವಾಗ ರಬ್ಬರಿಗೆ ಡೀಸೆಲ್ ಬೇಡ, ಸೋಪಿನ ನೀರು ಸಾಕು. ಹಿಂದೆ ಏರಿಸಿದ್ದ ಐಡಲನ್ನು ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಇಳಿಸಿ, ನಾಲ್ಕಾರು ಲೋಡು ಹೊಡೆದ ಮೇಲೆ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಆಮೇಲೂ ಸ್ಲೋನಲ್ಲಿ ನಡುಗಿದರೆ ಆಗ ನಾಜಲ್ ಬಿಚ್ಚಿಸಿ.