ಬಕೆಟ್ ತಗೊಂಡು ಹೋಗು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಮನೆಯ ಫೋಟೋ ನೋಡಿದೆ. 30×40 ಸೈಟು, ಡ್ಯೂಪ್ಲೆಕ್ಸ್, ತೇಗದ ಬಾಗಿಲು, ಸೀಲಿಂಗ್ ತುಂಬ ದೀಪ. ‘ರೆಡಿ ಮನೆ ದೊಡ್ಡಮ್ಮ, ಹಾಲು ಉಕ್ಕಿಸಿದರೆ ಆಯ್ತು’ ಅಂತ ಬರೆದಿದ್ದೀಯ. ಕಟ್ಟಿ ಮಾರುವವರು ದುಡ್ಡು ಸುರಿಯುವುದೇ ಕಣ್ಣಿಗೆ ಬೀಳುವ ಕಡೆ ಕಣೇ. ನಿನ್ನ ಓರಗೆಯವರೂ ಓದಲಿ ಅಂತ ಈ ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

1998ರಲ್ಲಿ ನಾವೂ ಇಂಥದ್ದೇ ಹೊಸ ಮನೆ ಕೊಂಡೆವು. ಮಾಘದಲ್ಲಿ ಗೃಹಪ್ರವೇಶ. ಜೂನ್ ಹೊತ್ತಿಗೆ ಬಚ್ಚಲಿಗೆ ಅಂಟಿದ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿದು, ಒಳಗಿಂದ ಬಿಳಿ ಉಪ್ಪಿನಂಥ ಪುಡಿ ಉದುರಿತು. ಬಚ್ಚಲಿನ ಟೈಲ್ಸ್ ಒಡೆಸಿ ನೋಡಿದರೆ ಕೆಳಗೆ ಬರೀ ಇಟ್ಟಿಗೆ ಚೂರು. ವಾಟರ್‌ಪ್ರೂಫಿಂಗ್ ಮಾಡಿಯೇ ಇರಲಿಲ್ಲ. ಕಟ್ಟಿಸಿದವರನ್ನು ಕೇಳಲು ಹೋದರೆ, ಮನೆಯಲ್ಲೇ ಇದ್ದುಕೊಂಡು ‘ಇಲ್ಲ’ ಅನ್ನಿಸಿದರು.

ಹಾಗಾಗಿ ನೀನು ಮೊದಲು ಬಚ್ಚಲಿಗೇ ಹೋಗು. ಒಂದು ಬಕೆಟ್ ನೀರು ಸುರಿ. ಜಾಲರಿಯ ಕಡೆ ಓಡಬೇಕು. ಮೂಲೆಯಲ್ಲಿ ಮಡುಗಟ್ಟಿತೋ, ಇಳಿಜಾರು ತಪ್ಪಿದೆ. ನಾಣ್ಯದಿಂದ ಟೈಲ್ಸ್ ಕುಟ್ಟು, ಟೊಳ್ಳು ಸದ್ದು ಬಂದಲ್ಲಿ ಕೆಳಗೆ ಗಾರೆ ಕೂತಿಲ್ಲ. ಆಮೇಲೆ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ, ಬ್ರೋಕರ್‌ಗೆ ಹೇಳದೆ, ಇನ್ನೊಂದು ಸಲ ಹೋಗು. ಹೊಸ್ತಿಲು ರಸ್ತೆಗಿಂತ ಎಷ್ಟು ಎತ್ತರವಿದೆ, ಹಿಂದಿನ ‘ಮೋರಿ’ ನಿಜವಾಗಿ ರಾಜಕಾಲುವೆಯೋ ಅಂತ ನೋಡು. ಗ್ರಾಮ ನಕ್ಷೆ ತರಿಸು. 2016ರಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆ ತೆರವು ಅಂತ ಜೆಸಿಬಿ ಬಂದಾಗ, ಮನೆ ಕಳೆದುಕೊಂಡವರ ಕೈಯಲ್ಲೂ ನೋಂದಣಿ ಪತ್ರಗಳಿದ್ದವು.

ಪಕ್ಕದ ಶೆಡ್ಡಿನಲ್ಲಿ ವಾಚ್‌ಮನ್ ಸಂಸಾರ ಇರುತ್ತದೆ. ಅವನ ಹೆಂಡತಿಯ ಜೊತೆ ಕೂತು ಮಾತಾಡು. ಏಪ್ರಿಲಿನಲ್ಲಿ ಬೋರ್‌ವೆಲ್ಲಿನಲ್ಲಿ ನೀರಿತ್ತೋ ಟ್ಯಾಂಕರ್ ತರಿಸಿದರೋ, ಸ್ಲ್ಯಾಬ್ ಹಾಕಿದ ಮೇಲೆ ಎಷ್ಟು ದಿನ ನೀರು ಕಟ್ಟಿ ನಿಲ್ಲಿಸಿದರು (ಒಂದು ವಾರವೂ ಇಲ್ಲ ಅಂದರೆ ಎದ್ದು ಬಾ), ಎಲ್ಲ ಅವಳಿಗೆ ಗೊತ್ತು. ಕ್ಯೂರಿಂಗಿಗೆ ಪೈಪು ಹಿಡಿದು ನಿಂತವಳು ಅವಳೇ ತಾನೆ.

‘ಕಾವೇರಿ ನೀರು ಆಮೇಲೆ ಬರುತ್ತೆ ಮೇಡಂ’ ಅಂದರೆ ತಲೆಯಾಡಿಸಬೇಡ. ಓಸಿ (ಸ್ವಾಧೀನಾನುಭವ ಪತ್ರ) ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಚಿಕ್ಕ ಮನೆಗೆ ವಿನಾಯಿತಿ ಇದೆ ಅನ್ನುತ್ತಾರೆ. ಯಾವ ಅಳತೆಗೆ, ಎಷ್ಟು ಅಂತಸ್ತಿಗೆ ಅಂತ ಆದೇಶದ ಪ್ರತಿ ಕೇಳು, ಮಂಜೂರಾದ ಪ್ಲಾನ್ ಕೈಯಲ್ಲಿ ಹಿಡಿದು ಮಹಡಿ ಎಣಿಸು. ಇ-ಖಾತಾ, ಮೂಲಪತ್ರಗಳು, 30 ವರ್ಷದ ಇಸಿ (ಋಣಭಾರ ಪತ್ರ) ಎಲ್ಲ ನಿನ್ನದೇ ವಕೀಲರು ನೋಡಲಿ, ಮಾರುವವರು ತೋರಿಸಿದ ವಕೀಲರಲ್ಲ. ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ನಿನ್ನ 90 ಲಕ್ಷದ ಮನೆಗೆ 6 ಲಕ್ಷ 30 ಸಾವಿರ, ಮೇಲೆ ಸೆಸ್ಸು. ಈಗಲೇ ಎತ್ತಿಡು.

‘ರೇರಾ ಇದೆಯಲ್ಲ’ ಅಂದರಂತೆ ನಮ್ಮ ಅಳಿಯಂದಿರು. ರಚನೆಯ ದೋಷ 5 ವರ್ಷದೊಳಗೆ ಕಂಡರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು ಅಂತ 2016ರ ಆ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿದೆ, ನಿಜ. ಆದರೆ 500 ಚದರ ಮೀಟರ್ ಮೀರದ ಜಾಗಕ್ಕೆ ರೇರಾ ನೋಂದಣಿಯೇ ಬೇಕಿಲ್ಲ. ನಿನ್ನ ಸೈಟು 111 ಚಿಲ್ಲರೆ. ಅದಕ್ಕೇ ಆ 5 ವರ್ಷದ ಮಾತನ್ನು ಅಗ್ರಿಮೆಂಟಿನಲ್ಲೇ ಬರೆಸು, ಸೋರಿಕೆ ಅಂತ ಬಿಡಿಸಿ ಬರೆಸು. ಅವರು ಮೀನಮೇಷ ಎಣಿಸಿದರೆ ಅಡ್ವಾನ್ಸ್ ಚೆಕ್ಕು ನಿನ್ನ ಪರ್ಸಿನಲ್ಲೇ ಇರಲಿ. ಕೊನೆಯ ಎರಡು ಲಕ್ಷ ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಅಂತಲೂ ಕೇಳಿ ನೋಡು. ಒಪ್ಪುವವರು ಕಡಿಮೆ, ಆದರೂ ಕೇಳು.

ಈಶಾನ್ಯ ಮೂಲೆ ಸರಿ ಇದೆಯಾ ಅಂತ ನಿಮ್ಮಮ್ಮ ಕೇಳದೆ ಬಿಡುವುದಿಲ್ಲ. ಕೇಳಲಿ. ಸಾಮಾನ್ಯವಾಗಿ ಸಂಪು ಇರುವುದೂ ಅಲ್ಲೇ, ಮುಚ್ಚಳ ತೆಗೆಸಿ ಒಳಗೆ ಟಾರ್ಚು ಬಿಡು. ಭಾನುವಾರ ನಾನೂ ಬರುತ್ತೇನೆ. ಬಕೆಟ್ ಮಾತ್ರ ನೀನೇ ತರಬೇಕು.

ಇಂತಿ,
ನಿನ್ನ ದೊಡ್ಡಮ್ಮ