ಮುಂಗುಸಿಗೆ ಕೆಂಪು ಕೇಪ್ ಬೇಕೇ?

ಪ್ರಶ್ನೆ: ಮಕ್ಕಳಿಗಾಗಿ ಒಂದು ಕಾಮಿಕ್ಸ್ ಮಾಡುತ್ತಿದ್ದೇನೆ. ನಾಯಕ ಒಂದು ಮುಂಗುಸಿ. ಸೂಪರ್‌ಮ್ಯಾನ್‌ನಂತೆ ಹಾರುತ್ತದೆ, ಬೆನ್ನಿಗೆ ಕೆಂಪು ಕೇಪ್ ಇದೆ. ನೋಡಿದವರೆಲ್ಲ ನಕಲು ಎನ್ನುತ್ತಾರೆ. ಹಳೆಯ ವೀರರ ಅಚ್ಚಿನಲ್ಲೇ ಹೊಸ ಪ್ರಾಣಿನಾಯಕನನ್ನು ರೂಪಿಸುವುದು ಹೇಗೆ?

ಉತ್ತರ: ನಕಲಿನಿಂದ ಶುರುಮಾಡಿದ್ದಕ್ಕೆ ಬೇಸರ ಬೇಡ. ಹೆಸರು ಮಾಡಿದ ಎಷ್ಟೋ ಪ್ರಾಣಿವೀರರು ಹಾಗೆಯೇ ಹುಟ್ಟಿದವರು. ಅಮೆರಿಕದ ಟೆರಿಟೂನ್ಸ್ ಸ್ಟುಡಿಯೊದಲ್ಲಿ ಕತೆಗಾರ ಇಸಡೋರ್ ಕ್ಲೈನ್ ಅವರಿಗೆ ಹೊಳೆದದ್ದು ಸೂಪರ್‌ಮ್ಯಾನ್ ಶಕ್ತಿಯ ಒಂದು ನೊಣ. ಮಾಲೀಕ ಪಾಲ್ ಟೆರಿ ಆ ನೊಣವನ್ನು ಇಲಿ ಮಾಡಿದರು. 1942ರಲ್ಲಿ ತೆರೆಗೆ ಬಂದಾಗ ಅದರ ಹೆಸರು ಸೂಪರ್ ಮೌಸ್, ಉಡುಪು ಸೂಪರ್‌ಮ್ಯಾನ್‌ನದೇ ನೀಲಿ-ಕೆಂಪು. ಮೈಟಿ ಮೌಸ್ ಆದದ್ದು ಆಮೇಲೆ. ಆದರೆ ಆ ಮೊದಲ ಚಿತ್ರದಲ್ಲೇ ಒಂದು ಜಾಣತನವಿತ್ತು. ಬೆಕ್ಕುಗಳ ಕಾಟ ತಾಳಲಾರದ ಇಲಿ ಸೂಪರ್‌ಮಾರ್ಕೆಟ್‌ಗೆ ನುಗ್ಗಿ, ಸೂಪರ್ ಸೋಪಿನಲ್ಲಿ ಮಿಂದು, ಸೂಪರ್ ಸೂಪು ಕುಡಿದು, ಸೂಪರ್ ಚೀಸ್‌ನೊಳಗೆ ತಲೆಕೆಳಗಾಗಿ ಹಾರಿ ವೀರನಾಗಿ ಹೊರಬರುತ್ತದೆ. ಸೂಪರ್‌ಮ್ಯಾನ್‌ನಂತೆ ಬೇರೆ ಗ್ರಹದಿಂದ ಬಂದ ಮಗುವಿನ ಕತೆ ಇಲಿಗೆ ಒಗ್ಗುವುದಿಲ್ಲ, ಚೀಸ್ ಒಗ್ಗುತ್ತದೆ. ನಿಮ್ಮ ಮುಂಗುಸಿಯಲ್ಲಿ ಇಲ್ಲದಿರುವುದು ಇದೇ. ಅದರ ಜಾಗದಲ್ಲಿ ಅಳಿಲನ್ನು ಕೂರಿಸಿದರೂ ಕತೆ ಹಾಗೇ ನಡೆಯುತ್ತದೆ.

ಸ್ಟ್ಯಾನ್ ಸಕಾಯ್ ಅವರ ‘ಉಸಾಗಿ ಯೋಜಿಂಬೊ’ ಸಿಕ್ಕರೆ ದಯವಿಟ್ಟು ಓದಿ. ಜಪಾನಿನ ಹೆಸರಾಂತ ಕತ್ತಿವೀರ ಮಿಯಾಮೊಟೊ ಮುಸಾಶಿಯ ಮಾದರಿಯಲ್ಲಿ ಅವರು ಬರೆಯಹೊರಟದ್ದು ಮನುಷ್ಯನ ಕತೆಯನ್ನೇ. ಸುಮ್ಮನೆ ಗೀಚುತ್ತಿದ್ದಾಗ ಒಂದು ಮೊಲದ ಉದ್ದ ಕಿವಿಗಳನ್ನು ನೆತ್ತಿಯ ಮೇಲೆ ಸಮುರಾಯ್ ಜುಟ್ಟಿನಂತೆ ಕಟ್ಟಿದರು. ಅಷ್ಟಕ್ಕೇ ನಾಯಕ ಸಿಕ್ಕಿಬಿಟ್ಟ. ಒಡೆಯನನ್ನು ಕಳೆದುಕೊಂಡು ಅಲೆಯುವ ಯೋಧ ಎಂಬುದು ತೀರಾ ಹಳೆಯ ಅಚ್ಚು. ಆದರೆ ಆ ಜುಟ್ಟನ್ನು ಮೊಲವಲ್ಲದೆ ಬೇರಾರೂ ಕಟ್ಟಲಾರರು. ಬರೀ ನೆರಳು ಬರೆದರೂ ಗುರುತು ಸಿಗುತ್ತದೆ. ಆ ಮೊಲ ಮೊದಲು ಅಚ್ಚಾದ 1984ರಲ್ಲೇ ಈಸ್ಟ್‌ಮನ್ ಮತ್ತು ಲೇರ್ಡ್ ಅವರ ನಿಂಜಾ ಆಮೆಗಳೂ ಬಂದವು. ಕಾಮಿಕ್ಸ್ ವೀರ ಡೇರ್‌ಡೆವಿಲ್‌ನ ಗುರು ಸ್ಟಿಕ್, ಇಲ್ಲಿನ ಗುರು ಸ್ಪ್ಲಿಂಟರ್. ಅಲ್ಲಿ ಶತ್ರುಪಡೆ ಹ್ಯಾಂಡ್, ಇಲ್ಲಿ ಫುಟ್. ಎರವಲನ್ನು ಅವರು ಮುಚ್ಚಿಡಲೇ ಇಲ್ಲ. ನಿಂಜಾನ ಚುರುಕನ್ನು ನಿಧಾನಕ್ಕೆ ಹೆಸರಾದ ಪ್ರಾಣಿಗೆ ಕೊಟ್ಟದ್ದು ಮಾತ್ರ ಅವರದೇ.

ಇನ್ನು ನಿಮ್ಮ ಮುಂಗುಸಿ. ಅದಕ್ಕೆ ಕೇಪ್ ಯಾಕೆ? ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಧರ್ಮರಾಯನ ಯಾಗ ಮುಗಿದಾಗ, ಅರ್ಧ ಮೈ ಹೊನ್ನಾದ ಮುಂಗುಸಿಯೊಂದು ಬರುತ್ತದೆ. ಬಡ ಬ್ರಾಹ್ಮಣನ ಮನೆಯವರು ತಾವು ಹಸಿದಿದ್ದು ಅತಿಥಿಗೆ ಕೊಟ್ಟ ಹಿಟ್ಟಿಗೆ ಈ ಯಾಗ ಸಮನಲ್ಲ ಎಂದು ಎಲ್ಲರೆದುರೇ ಹೇಳುತ್ತದೆ. ಆ ಹಿಟ್ಟು ಚೆಲ್ಲಿದ್ದಲ್ಲಿ ಹೊರಳಿ ಅದರ ಅರ್ಧ ಮೈ ಹೊನ್ನಾಗಿದೆ. ಉಳಿದರ್ಧಕ್ಕಾಗಿ ಯಾಗದಿಂದ ಯಾಗಕ್ಕೆ ಅಲೆಯುತ್ತಿದೆ. ವೀರನಿಗೆ ಬೇಕಾದ ಹುಟ್ಟುಕತೆ, ಮೈಗುರುತು, ಮುಗಿಯದ ಹುಡುಕಾಟ, ಅರಸನ ಮುಖಕ್ಕೇ ನಿಜ ಹೇಳುವ ಎದೆಗಾರಿಕೆ, ಎಲ್ಲವೂ ಅಲ್ಲಿವೆ.

ಪಂಚತಂತ್ರದ ಮುಂಗುಸಿಯನ್ನೂ ನೆನೆಯಿರಿ. ತೊಟ್ಟಿಲ ಬಳಿ ಬಂದ ಹಾವನ್ನು ಕೊಂದು, ಬಾಯಿಗೆ ಮೆತ್ತಿದ ರಕ್ತದೊಡನೆ ಬಾಗಿಲಿಗೆ ಓಡಿಬಂದದ್ದಕ್ಕೆ ಆ ಮಗುವಿನ ತಾಯಿಯ ಕೈಯಲ್ಲೇ ಸತ್ತಿತು. ತಾನು ಕಾಪಾಡಿದವರೇ ತನ್ನನ್ನು ಶಂಕಿಸುವ ಈ ಸಂಕಟವೇ ಸ್ಪೈಡರ್‌ಮ್ಯಾನ್‌ನನ್ನೂ ಕಾಡುತ್ತದೆ. ನನ್ನನ್ನು ಕೇಳಿದರೆ, ರೂಪವನ್ನು ಮಹಾಭಾರತದಿಂದ ತೆಗೆದುಕೊಳ್ಳಿ, ಸಂಕಟವನ್ನು ಪಂಚತಂತ್ರದಿಂದ.

ಹಾರಾಟ ಬಿಟ್ಟುಬಿಡಿ. ನಿಜವಾದ ಮುಂಗುಸಿ ಹಾವಿನೆದುರು ರೋಮ ನಿಮಿರಿಸಿ ಇದ್ದುದಕ್ಕಿಂತ ದಪ್ಪಗೆ ಕಾಣುತ್ತದೆ. ಹಾವು ಎರಗಿದಾಗಲೆಲ್ಲ ಚಂಗನೆ ಹಿಂದೆ ಹಾರಿ, ಅದು ದಣಿದ ಮೇಲೆ ತಲೆಗೇ ಬಾಯಿ ಹಾಕುತ್ತದೆ. ವಿಷವನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಮಿತಿಯಿದೆ. ಆ ಮಿತಿಯನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಪ್ರತಿ ಕಾದಾಟದಲ್ಲೂ ನಿಮ್ಮ ನಾಯಕ ಏನನ್ನಾದರೂ ಕಳೆದುಕೊಂಡರೆ ಮಕ್ಕಳು ಮುಂದಿನ ಪುಟ ತಿರುಗಿಸುತ್ತಾರೆ.

ಖಳನಾಯಕ ಮಾತ್ರ ಹಾವಾಗುವುದು ಬೇಡ. ಅದು ಎಲ್ಲರೂ ಊಹಿಸುವಂಥದ್ದು, ಹಾವಿಗೂ ಅನ್ಯಾಯ. ಕೊಡುವುದು ಹಿಡಿಯಷ್ಟು, ಹೇಳಿಕೊಳ್ಳುವುದು ಊರಷ್ಟು ಎಂಬಂಥ ಧಣಿಯೊಬ್ಬನನ್ನು ತನ್ನಿ. ಅವನ ಅನ್ನದಾನದ ಪಂಕ್ತಿಯಲ್ಲಿ ನಿಮ್ಮ ಮುಂಗುಸಿ ಹೊರಳಿ ನೋಡಲಿ, ಒಂದು ರೋಮವೂ ಹೊನ್ನಾಗದೆ ಎದ್ದು ನಿಲ್ಲಲಿ. ಮೊದಲ ಸಂಚಿಕೆಯನ್ನು ಅಲ್ಲಿಂದ ಶುರುಮಾಡಿ.