ಮುಪ್ಪಿನ ಮರೆವು: ಅದರ ಅರಿವು ಮತ್ತು ಆರೈಕೆ

ಮರೆವು ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ತನ್ನ ನಿಜವನ್ನು ತಾನರಿಯದೆ ವಿಷಯಗಳ ಬೆನ್ನು ಹತ್ತಿ ನಡೆಯುವ ಅಜ್ಞಾನವನ್ನು ಶರಣರು ಮರೆವು ಎಂದರು. ಅರಿವೇ ಅದಕ್ಕೆ ಮದ್ದು. ವೃದ್ಧಾಪ್ಯದಲ್ಲಿ ಕೆಲವರನ್ನು ಕಾಡುವ ಮರೆವು ಇದಲ್ಲ. ಅದು ಮೆದುಳಿನ ರೋಗದಿಂದ ಬರತಕ್ಕದ್ದು. ಮೊದಲನೆಯದಕ್ಕೆ ಮನುಷ್ಯನು ಹೊಣೆಗಾರನು, ಎರಡನೆಯದಕ್ಕೆ ಅಲ್ಲ. ಈ ಎರಡನ್ನೂ ಒಂದೇ ಎಂದು ಎಣಿಸುವದರಿಂದ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಅನ್ಯಾಯವಾಗುತ್ತಿದೆ. ಉಂಡು ಕೈತೊಳೆದ ಅಜ್ಜಿಯು ತನಗಿನ್ನೂ ಉಣಬಡಿಸಿಲ್ಲವೆಂದರೆ ಸೊಸೆಯ ಮೇಲಿನ ಹಗೆಯೆಂದು ತಿಳಿಯುವರು. ಮುಗಿದ ಲಿಂಗಪೂಜೆಯನ್ನು ಮರೆತು ಅಜ್ಜನು ಮತ್ತೆ ಪೂಜೆಗೆ ಕುಳಿತರೆ ಮಕ್ಕಳು ನಗುವರು. ಹಿಂದಿನ ಕರ್ಮದ ಫಲವೆಂದು ಕೈಬಿಡುವವರೂ ಉಂಟು. ಆದುದರಿಂದ ಈ ರೋಗದ ಸ್ವರೂಪವನ್ನು ಗೃಹಸ್ಥರೆಲ್ಲರೂ ತಿಳಿದಿರುವದು ಅವಶ್ಯ.

ವೈದ್ಯರು ಇದನ್ನು ಡಿಮೆನ್ಷಿಯಾ ಎಂದು ಕರೆಯುವರು. ಇದು ಒಂದೇ ರೋಗದ ಹೆಸರಲ್ಲ. ನೆನಪು, ವಿವೇಚನೆ, ಮಾತು, ನಿತ್ಯದ ನಡೆವಳಿಕೆ ಇವು ಕ್ರಮೇಣ ಕುಂದುವ ಸ್ಥಿತಿಯ ಹೆಸರು. ನೂರರಲ್ಲಿ 60ರಿಂದ 70 ಜನರಲ್ಲಿ ಇದಕ್ಕೆ ಕಾರಣವಾಗುವದು ಆಲ್ಜೈಮರ್ ರೋಗ. ಮೆದುಳಿನ ರಕ್ತನಾಳಗಳು ಕೆಡುವದರಿಂದಲೂ ಅನೇಕರಿಗೆ ಇದು ಬರುವದು. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ ಅವರು, ಐವತ್ತರ ಹರೆಯದಲ್ಲಿಯೇ ನೆನಪು ಕಳೆದುಕೊಂಡು ತೀರಿಹೋದ ಒಬ್ಬ ಸ್ತ್ರೀಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಜೀವಕೋಶಗಳ ಹೊರಗೆ ಗಡ್ಡೆಗಳಂಥ ಸಂಚಯಗಳೂ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಅವರಿಗೆ ಕಂಡವು. ಈ ಮಾರ್ಪಾಡು ಲಕ್ಷಣಗಳು ತೋರುವದಕ್ಕೆ ಎಷ್ಟೋ ವರ್ಷ ಮೊದಲೇ ಆರಂಭವಾಗಿರುವದೆಂದು ಈಗ ತಿಳಿದಿದೆ.

ಪರಿಚಿತರ ಹೆಸರು ತಡವಾಗಿ ನೆನಪಾಗುವದು ವಯೋಧರ್ಮ. ನಿತ್ಯ ನಡೆದ ಓಣಿಯಲ್ಲಿ ತನ್ನ ಮನೆ ಸಿಗದಂತಾಗುವದು, ಬಾಳೆಲ್ಲ ಮಾಡಿದ ಅಡಿಗೆಯ ಕ್ರಮ ತಪ್ಪುವದು, ದುಡ್ಡಿನ ಲೆಕ್ಕ ತಿಳಿಯದಾಗುವದು ವಯೋಧರ್ಮವಲ್ಲ. ಇಂಥ ಲಕ್ಷಣ ಕಂಡ ಕೂಡಲೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಏಕೆಂದರೆ ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ಉಂಟಾಗಬಹುದು, ಅವುಗಳಿಗೆ ಚಿಕಿತ್ಸೆಯುಂಟು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನ, ಈ ಸ್ಥಿತಿಯಲ್ಲಿರುವರೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಈ ರೋಗವನ್ನು ನಿರ್ಮೂಲ ಮಾಡುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ನಿರಾಶರಾಗಬೇಕಾಗಿಲ್ಲ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಳಿಯು 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಎಣಿಸಿ, ಅವನ್ನು ನಿವಾರಿಸಿದಲ್ಲಿ ನೂರಕ್ಕೆ ಸುಮಾರು 45 ಪ್ರಕರಣಗಳನ್ನು ತಪ್ಪಿಸಬಹುದು, ಇಲ್ಲವೆ ಮುಂದೂಡಬಹುದು ಎಂದಿದೆ. ವಿದ್ಯೆಯ ಅಭಾವ, ಕಿವುಡು, ದೃಷ್ಟಿದೋಷವನ್ನು ಸರಿಪಡಿಸದಿರುವದು, ರಕ್ತದೊತ್ತಡ, ಸಕ್ಕರೆ ರೋಗ, ರಕ್ತದಲ್ಲಿ ಹೆಚ್ಚಿದ ಕೊಬ್ಬು, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ತಲೆಗೆ ಪೆಟ್ಟು, ಖಿನ್ನತೆ, ಮೈಗಳ್ಳತನ, ಒಂಟಿತನ, ಹೊಗೆ ತುಂಬಿದ ಗಾಳಿ ಇವೇ ಆ ಹದಿನಾಲ್ಕು. ಇವುಗಳಲ್ಲಿ ಬಹುಭಾಗ ನಮ್ಮ ನಡೆಗೆ ಸೇರಿದವು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1260 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಹಿತಮಿತವಾದ ಆಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದೊತ್ತಡವೇ ಮೊದಲಾದವುಗಳ ತಪಾಸಣೆ ಇವನ್ನೆಲ್ಲ ಒಟ್ಟಿಗೆ ಏರ್ಪಡಿಸಿದರು. ಆ ಗುಂಪಿನವರ ಬುದ್ಧಿಶಕ್ತಿಯು ಇನ್ನೊಂದು ಗುಂಪಿನವರದಕ್ಕಿಂತ ಮೇಲಾಗಿ ಉಳಿಯಿತೆಂದು 2015ರಲ್ಲಿ ಪ್ರಕಟವಾಯಿತು. ಮುದುಕರಿಗೆ ಕೆಲಸವೇಕೆ ಎಂದು ಅವರನ್ನು ಮೂಲೆಯಲ್ಲಿ ಕೂಡ್ರಿಸುವದು ಪ್ರೀತಿಯಂತೆ ತೋರಿದರೂ ಹಿತವಲ್ಲ. ಶಕ್ತಿಗೆ ತಕ್ಕ ಕಾಯಕ, ನಾಲ್ಕು ಜನರೊಡನೆ ಮಾತು, ದಿನವೂ ಕೆಲಹೊತ್ತು ನಡಿಗೆ, ಕಿವಿ ಕೇಳದಿದ್ದರೆ ಶ್ರವಣಯಂತ್ರ, ಇವು ಮುಪ್ಪಿಗೆ ಬೇಕಾದ ಆಸರೆಗಳು.

ಇಷ್ಟೊಂದು ತಿಳಿದದ್ದು ಹೇಗೆ? ಸಾವಿರಾರು ಹಿರಿಯರು ತಮ್ಮನ್ನು ಸಂಶೋಧನೆಗೆ ಒಪ್ಪಿಸಿಕೊಂಡದ್ದರಿಂದ. ಅಮೆರಿಕೆಯಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿಯು 1986ರಲ್ಲಿ ಆರಂಭಿಸಿದ ಅಧ್ಯಯನಕ್ಕೆ 678 ಜನ ಕ್ರೈಸ್ತ ಸಂನ್ಯಾಸಿನಿಯರು ಸೇರಿದರು. ಎಲ್ಲರೂ 75 ದಾಟಿದವರು. ವರ್ಷವರ್ಷವೂ ಪರೀಕ್ಷೆಗೆ ಒಳಪಟ್ಟು, ಮರಣಾನಂತರ ಮೆದುಳನ್ನೂ ದಾನ ಮಾಡಲು ಅವರು ಒಪ್ಪಿದರು. ಅವರಲ್ಲಿ ಮೇರಿ ಎಂಬವರು 101 ವರ್ಷ ಬಾಳಿ, ಕಡೆಯವರೆಗೂ ಚುರುಕಾದ ಬುದ್ಧಿಯಿಂದಿದ್ದರು. ಆದರೆ ಅವರ ಮೆದುಳಿನಲ್ಲಿ ಆಲ್ಜೈಮರ್ ರೋಗದ ಗುರುತುಗಳು ಹೇರಳವಾಗಿದ್ದವು! ರೋಗವಿದ್ದೂ ಬುದ್ಧಿ ಕೆಡದೆ ಉಳಿಯಬಲ್ಲದೆಂಬ ಈ ಸಂಗತಿಯು ಆ ದಾನವಿಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಪರದೇಶದ ಅಧ್ಯಯನಗಳು ನಮಗೆ ಪೂರ್ತಿ ಸಾಲವು. ನಮ್ಮ ಆಹಾರ ಬೇರೆ, ಭಾಷೆಗಳು ಹಲವು, ಅಕ್ಷರ ಬಾರದ ಹಿರಿಯರು ಅನೇಕರು. 2013ರಲ್ಲಿ ಹೈದರಾಬಾದಿನ 648 ರೋಗಿಗಳ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿದ್ದು ಕಂಡುಬಂದಿತು. ಓದು ಬಾರದವರಲ್ಲಿಯೂ ಹೀಗೆಯೇ ಇದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ದೀರ್ಘಕಾಲ ಪರೀಕ್ಷಿಸುವ ಕಾರ್ಯವನ್ನು ಕೈಕೊಂಡಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವದು ಅದರ ಗುರಿ. ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮೆದುಳು ಭಂಡಾರವಿದೆ. ರೋಗಿಗಳ ಮೆದುಳಿನಂತೆಯೇ ರೋಗವಿಲ್ಲದವರ ಮೆದುಳೂ ಹೋಲಿಕೆಗೆ ಬೇಕಾಗುವದು.

ಇಲ್ಲಿ ಕೆಲವರಿಗೆ ಸಂದೇಹ ಬರಬಹುದು: ಲಿಂಗವನ್ನು ಧರಿಸಿದ ದೇಹವನ್ನು ಸಮಾಧಿಗೆ ಮುನ್ನ ಕೊಯ್ಯಿಸುವದು ಸರಿಯೆ? ಇಂಥ ದಾನದಲ್ಲಿ ಮೆದುಳನ್ನು ಮಾತ್ರ ತೆಗೆದುಕೊಂಡು ದೇಹವನ್ನು ಮನೆಯವರಿಗೆ ಒಪ್ಪಿಸುವರು, ಸಮಾಧಿಕ್ರಿಯೆಗೆ ಅಡ್ಡಿಯಿಲ್ಲ. ತನು ಮನ ಧನಗಳನ್ನು ಸಮಾಜಕ್ಕೆ ಸವೆಸುವದೇ ದಾಸೋಹವೆಂದು ನಂಬಿದವರಿಗೆ ಇದು ತನುವಿನ ಕಡೆಯ ದಾಸೋಹವೆನಿಸದೆ? ಆದರೆ ಇದರಲ್ಲಿ ಬಲಾತ್ಕಾರ ಸಲ್ಲದು. ಬುದ್ಧಿ ಸ್ವಸ್ಥವಾಗಿರುವಾಗಲೇ ಹಿರಿಯರು ತಾವಾಗಿ ನಿರ್ಧರಿಸಿ ಮನೆಯವರೊಡನೆ ಮಾತನಾಡಿರಬೇಕು. ಮೆದುಳನ್ನು ಸತ್ತ ಕೆಲವೇ ತಾಸುಗಳಲ್ಲಿ ತೆಗೆಯಬೇಕಾಗಿರುವದರಿಂದ ಕಡೆಯ ಗಳಿಗೆಯಲ್ಲಿ ಚರ್ಚೆಗೆ ಎಡೆಯಿರದು.

ಈಗಾಗಲೇ ಮರೆವು ಮುತ್ತಿದ ಹಿರಿಯರಿರುವ ಮನೆಯವರು ಒಂದು ಮಾತನ್ನು ನೆನಪಿಡಬೇಕು. ನಿನ್ನೆಯ ಸಂಗತಿ ಅಳಿದರೂ ಬಾಳೆಲ್ಲ ರೂಢಿಸಿದ ಕೈಯ ಅಭ್ಯಾಸ ಬಹುಕಾಲ ಉಳಿಯುವದು. ಮಗನ ಹೆಸರು ಮರೆತ ತಂದೆಯು ಹಣೆಗೆ ವಿಭೂತಿ ಧರಿಸುವದನ್ನು ಮರೆತಿರಲಿಕ್ಕಿಲ್ಲ. ಎರಡನೆಯ ಸಲ ಪೂಜೆಗೆ ಕುಳಿತರೆ ವಾದಿಸದೆ ನೀರು, ಪತ್ರೆಗಳನ್ನು ಹತ್ತಿರವಿಡಿರಿ. ಕೇಳಿದ್ದನ್ನೇ ಹತ್ತು ಸಲ ಕೇಳಿದರೆ ಹತ್ತನೆಯ ಸಲವೂ ಮೃದುವಾಗಿ ಉತ್ತರಿಸಿರಿ. ಆರೈಕೆಯ ಭಾರವನ್ನೆಲ್ಲ ಮನೆಯ ಒಬ್ಬ ಹೆಣ್ಣುಮಗಳ ಮೇಲೆ ಹೊರಿಸದೆ ಎಲ್ಲರೂ ಹಂಚಿಕೊಳ್ಳಿರಿ. ಹಿರಿಯರು ನಮ್ಮನ್ನು ಮರೆಯುವದು ರೋಗದಿಂದ; ನಾವು ಅವರನ್ನು ಮರೆತರೆ ಅದಕ್ಕೆ ರೋಗದ ನೆವವಿಲ್ಲ.